3ಡಿ ಟಿವಿ ಮತ್ತೆ ಬರುತ್ತಾ? ಅದಕ್ಕಾಗಿ ಕಾಯಬೇಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ 2012ರಲ್ಲಿ ಕೊಂಡ 55 ಇಂಚಿನ 3ಡಿ ಟಿವಿ ಇದೆ. ಜೊತೆಗೆ ನಾಲ್ಕು ಕನ್ನಡಕ ಕೊಟ್ಟಿದ್ದರು. ಮೊದಮೊದಲು ಮಕ್ಕಳು ಆಸೆಯಿಂದ ನೋಡಿದರು, ಆಮೇಲೆ ಕನ್ನಡಕಗಳು ಶೋಕೇಸ್ ಸೇರಿದವು. ಈಗ ಟಿವಿ ಬದಲಿಸೋಣ ಅಂತ ಅಂಗಡಿಗೆ ಹೋದರೆ 3ಡಿ ಇರುವ ಒಂದು ಮಾಡೆಲ್ಲೂ ಇಲ್ಲ. ಕನ್ನಡಕವೇ ಬೇಡದ 3ಡಿ ಟಿವಿ ಬರುತ್ತದೆ ಅಂತ ಆಗಾಗ ಓದುತ್ತೇನೆ. ಅದಕ್ಕೆ ಕಾಯಲೇ? ಇಷ್ಟು ದೊಡ್ಡ ಕಂಪನಿಗಳು ತಂದ ವಸ್ತು ಯಾಕೆ ಹೀಗೆ ನೆಲಕಚ್ಚಿತು? ಹಳೇ ಟಿವಿಯನ್ನು ಏನು ಮಾಡಲಿ?
(ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಕಾಯಬೇಡಿ. ಟಿವಿ ಬೇಕಿದ್ದರೆ ಈಗಲೇ ಕೊಳ್ಳಿ. ಹಾಲ್‌ನಲ್ಲಿ ಮನೆಮಂದಿಯೆಲ್ಲ ಕೂತು ನೋಡುವಂಥ 3ಡಿ ಟಿವಿ ಇನ್ನು ಹತ್ತು ವರ್ಷದಲ್ಲಿ ನಮ್ಮ ಅಂಗಡಿಗಳಿಗೆ ಬರುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ. ಹಾಗಂತ 3ಡಿ ಸತ್ತಿಲ್ಲ. ಒಬ್ಬರೇ ಕೂತು, ಬೇರೆ ಕೆಲಸ ಬಿಟ್ಟು ನೋಡುವ ಪರದೆಗಳಿಗೆ ಅದು ಮನೆ ಬದಲಿಸಿದೆ, ಅಷ್ಟೇ. ಅಲ್ಲಿ ಚೆನ್ನಾಗಿಯೇ ಇದೆ. ಹಾಲ್‌ನಲ್ಲಿ ಮಾತ್ರ ಅದಕ್ಕೆ ಯಾವತ್ತೂ ಒಗ್ಗಲಿಲ್ಲ. ಯಾಕೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೊನೆಯಲ್ಲಿ ನಿಮ್ಮ ಹಳೇ ಟಿವಿ ವಿಷಯಕ್ಕೂ ಬರುತ್ತೇನೆ.

3ಡಿಯ ಮೂಲ ಸಂಗತಿ ಬಹಳ ಹಳೇದು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6.3 ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಒಂದೇ ವಸ್ತುವನ್ನು ಎರಡು ಕಣ್ಣೂ ಸ್ವಲ್ಪ ಬೇರೆ ಬೇರೆ ಕೋನದಿಂದ ನೋಡುತ್ತವೆ. ಆ ವ್ಯತ್ಯಾಸದಿಂದ ಮೆದುಳು ದೂರ, ಹತ್ತಿರ ಲೆಕ್ಕ ಹಾಕುತ್ತದೆ. ಎಡಗಣ್ಣಿಗೊಂದು ಚಿತ್ರ, ಬಲಗಣ್ಣಿಗೊಂದು ಚಿತ್ರ ತೋರಿಸಿದರೆ ಸಪಾಟಾದ ಚಿತ್ರದಲ್ಲೂ ಆಳ ಕಾಣುತ್ತದೆ ಅಂತ ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ ತೋರಿಸಿದ್ದರು. ಟಿವಿಯ ಆದಿಪುರುಷರಲ್ಲಿ ಒಬ್ಬರಾದ ಜಾನ್ ಲೋಗಿ ಬೇರ್ಡ್ 1928ರಲ್ಲೇ 3ಡಿ ಟಿವಿಯ ಪ್ರಯೋಗ ಮಾಡಿ ತೋರಿಸಿದರು. ಮನೆಗಳಿಗೆ ಟಿವಿ ಬರುವ ಎಷ್ಟೋ ಮೊದಲು! ಸಿನಿಮಾದವರೂ ಆಗಾಗ ಕೈಹಾಕಿದರು. 1950ರ ದಶಕದಲ್ಲಿ ಹಾಲಿವುಡ್‌ನಲ್ಲಿ ಒಂದು ಅಲೆ ಎದ್ದು ಬಿತ್ತು. ನಮ್ಮ ದೇಶದಲ್ಲಿ 1984ರ ಮಲಯಾಳಂ ಚಿತ್ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ದೊಡ್ಡ ಸುದ್ದಿ ಮಾಡಿತು.

ನಿಮ್ಮ ಮನೆಗೆ ಬಂದದ್ದು 2010ರ ಅಲೆ. 2009ರ ಡಿಸೆಂಬರ್‌ನಲ್ಲಿ 'ಅವತಾರ್' ಬಿಡುಗಡೆಯಾಗಿ ಜಗತ್ತಿನಾದ್ಯಂತ ಹಣದ ಹೊಳೆ ಹರಿಸಿತು. ಅದೇ ತಿಂಗಳು ಬ್ಲೂ-ರೇ ಡಿಸ್ಕ್‌ನಲ್ಲಿ 3ಡಿ ಹಾಕುವ ವಿಧಾನವೂ ಪಕ್ಕಾ ಆಯಿತು. ಮುಂದಿನ ತಿಂಗಳು ಲಾಸ್ ವೇಗಸ್‌ನಲ್ಲಿ ನಡೆಯುವ ಎಲೆಕ್ಟ್ರಾನಿಕ್ಸ್ ವಸ್ತುಗಳ ಸಿಇಎಸ್ ಮೇಳದಲ್ಲಿ ಸ್ಯಾಮ್‌ಸಂಗ್, ಸೋನಿ, ಪ್ಯಾನಾಸೋನಿಕ್, ಎಲ್‌ಜಿ ಎಲ್ಲರೂ 3ಡಿ ಟಿವಿ ಹಿಡಿದು ನಿಂತಿದ್ದರು. ಇದರ ಹಿಂದೆ ವ್ಯಾಪಾರದ ಲೆಕ್ಕಾಚಾರವೂ ಇತ್ತು. ಮುಂದುವರಿದ ದೇಶಗಳಲ್ಲಿ ಜನ ಆಗಷ್ಟೇ ಡಬ್ಬಾ ಟಿವಿ ಬಿಸಾಕಿ ಎಲ್‌ಸಿಡಿ ಕೊಂಡಿದ್ದರು. ಎಲ್‌ಸಿಡಿ ಬೆಲೆ ದಿನದಿನಕ್ಕೂ ಇಳಿಯುತ್ತಿತ್ತು. ಅದೇ ಜನರ ಕೈಲಿ ಇನ್ನೊಂದು ಟಿವಿ ಕೊಳ್ಳಿಸೋಕೆ ಒಂದು ಹೊಸ ಕಾರಣ ಬೇಕಿತ್ತು, ಅಲ್ವಾ?

ಚಾನೆಲ್‌ಗಳೂ ಹಿಂದೆ ಬೀಳಲಿಲ್ಲ. ಅಮೆರಿಕದಲ್ಲಿ ಇಎಸ್‌ಪಿಎನ್ 3ಡಿ ಚಾನೆಲ್ 2010ರ ಜೂನ್ 11ರಂದು, ಫುಟ್‌ಬಾಲ್ ವಿಶ್ವಕಪ್‌ನ ಮೊದಲ ಪಂದ್ಯದೊಂದಿಗೆ ಶುರುವಾಯಿತು. ಬ್ರಿಟನ್‌ನಲ್ಲಿ ಸ್ಕೈ 3ಡಿ ಬಂತು. ಡಿಸ್ಕವರಿ, ಸೋನಿ, ಐಮ್ಯಾಕ್ಸ್ ಸೇರಿ 3ನೆಟ್ ಅಂತ ಒಂದು ಚಾನೆಲ್ ತೆರೆದರು. ಇಎಸ್‌ಪಿಎನ್ 3ಡಿ 2013ರಲ್ಲಿ ಮುಚ್ಚಿತು, 3ನೆಟ್ 2014ರಲ್ಲಿ, ಸ್ಕೈ 3ಡಿ 2015ರಲ್ಲಿ. ಸ್ಯಾಮ್‌ಸಂಗ್ 2016ರಲ್ಲಿ 3ಡಿ ಕೈಬಿಟ್ಟಿತು. 2017ರಲ್ಲಿ ಎಲ್‌ಜಿ, ಸೋನಿ ಕೂಡ ಕೈತೊಳೆದುಕೊಂಡವು. ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ನೋಡಿ. ಬೆಂಗಳೂರು, ಮೈಸೂರಿನಲ್ಲಿ ಕೇಬಲ್‌ಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯ ಮಾಡಿದ ಗಡುವು 2013ರ ಮಾರ್ಚ್ 31. ಅಂದರೆ ನಮ್ಮಲ್ಲಿ ಬಾಕ್ಸ್ ಹಾಕಿಸೋಕೆ ಜನ ಒದ್ದಾಡುತ್ತಿದ್ದ ವರ್ಷದಲ್ಲೇ ಅಮೆರಿಕದಲ್ಲಿ 3ಡಿ ಚಾನೆಲ್ ಬಾಗಿಲು ಮುಚ್ಚುತ್ತಿತ್ತು. ಕನ್ನಡ ಮನರಂಜನಾ ಚಾನೆಲ್‌ಗಳು ಎಚ್‌ಡಿಗೆ ಬರೋಕೇ ಇನ್ನೂ ಕೆಲವು ವರ್ಷ ಹಿಡಿಯಿತು. ನೀವು 3ಡಿ ಟಿವಿ ಕೊಂಡಾಗ ಅದರಲ್ಲಿ ತೋರಿಸೋಕೆ ನಮ್ಮದು ಅಂತ ಹೆಚ್ಚೇನೂ ಇರಲೇ ಇಲ್ಲ. 2012ರಲ್ಲಿ 'ಕಠಾರಿವೀರ ಸುರಸುಂದರಾಂಗಿ', 2019ರಲ್ಲಿ 'ಕುರುಕ್ಷೇತ್ರ', 2022ರಲ್ಲಿ 'ವಿಕ್ರಾಂತ್ ರೋಣ' 3ಡಿಯಲ್ಲಿ ಥಿಯೇಟರ್‌ಗೆ ಬಂದವು. ನಮ್ಮ ಟಿವಿ, ಮೊಬೈಲ್‌ಗಳಿಗೆ ಬಂದಾಗ ಅವು ಸಾದಾ ಚಿತ್ರಗಳೇ.

"ಕನ್ನಡಕ ಹಾಕ್ಕೊಳ್ಳೋ ರಗಳೆಯಿಂದ ಜನ ಬೇಡ ಅಂದರು" ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಪೂರ್ತಿ ಅಲ್ಲ. ಥಿಯೇಟರ್‌ನಲ್ಲಿ ಮೂರು ಗಂಟೆ ಅದೇ ಕನ್ನಡಕ ಹಾಕಿ ಕೂರುತ್ತೇವೆ, ಯಾರೂ ಗೊಣಗುವುದಿಲ್ಲ. ಬಿಬಿಸಿ 2013ರ ಜುಲೈನಲ್ಲಿ 3ಡಿ ಕಾರ್ಯಕ್ರಮ ನಿಲ್ಲಿಸುವಾಗ ಅಲ್ಲಿನ 3ಡಿ ಮುಖ್ಯಸ್ಥೆ ಕಿಮ್ ಶಿಲ್ಲಿಂಗ್‌ಲಾ ಇದನ್ನೇ ಹೇಳಿದ್ದರು. ಸಿನಿಮಾಗೆ ಹೋಗುವವರು ಗಮನ ಕೊಟ್ಟು ನೋಡಬೇಕು ಅಂತಲೇ ಹೋಗುತ್ತಾರೆ, ಮನೆಯಲ್ಲಿ ಟಿವಿ ನೋಡುವ ರೀತಿಯೇ ಬೇರೆ ಅನ್ನುವುದು ಅವರ ಮಾತಿನ ಸಾರ. ಆಗ ಬ್ರಿಟನ್‌ನಲ್ಲಿ ಸುಮಾರು 15 ಲಕ್ಷ ಮನೆಗಳಲ್ಲಿ 3ಡಿ ಟಿವಿ ಇತ್ತು. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯನ್ನು ಅವರಲ್ಲಿ ಅರ್ಧದಷ್ಟು ಮನೆಯವರು 3ಡಿಯಲ್ಲಿ ನೋಡಿದರು. ಅದೇ ವರ್ಷದ ಕ್ರಿಸ್‌ಮಸ್‌ಗೆ ರಾಣಿಯ ಭಾಷಣವನ್ನೂ 3ಡಿಯಲ್ಲಿ ಕೊಟ್ಟರು. ನೋಡಿದವರು 5 ಶೇಕಡಾ! ಅಂದರೆ ಕನ್ನಡಕ ಇದ್ದವರೂ ಅಪರೂಪದ ದಿನ ಮಾತ್ರ ಅದನ್ನು ಹಾಕಿದರು.

ನಮ್ಮ ಹಾಲ್ ನೆನಪಿಸಿಕೊಳ್ಳಿ. ಅಮ್ಮ ಸೊಪ್ಪು ಬಿಡಿಸುತ್ತಾ ಧಾರಾವಾಹಿ ನೋಡುತ್ತಾರೆ. ಅಪ್ಪ ನಡುವೆ ಪೇಪರ್ ತಿರುವುತ್ತಾರೆ. ಮಗಳ ಒಂದು ಕಣ್ಣು ಮೊಬೈಲ್ ಮೇಲೆ. ಪಕ್ಕದ ಮನೆಯವರು ಬಂದು ಐದನೆಯವರಾಗಿ ಕೂತರೆ ಅವರಿಗೆ ಕನ್ನಡಕ ಇಲ್ಲ. ದಿವಾನದ ಮೇಲೆ ಮಗ್ಗುಲಾಗಿ ಮಲಗಿದವರಿಗಂತೂ ಕನ್ನಡಕ ಇದ್ದೂ ಪ್ರಯೋಜನ ಇಲ್ಲ. ಎರಡು ಚಿತ್ರಗಳ ನಡುವಿನ ಅಂತರ ಅಡ್ಡಕ್ಕೆ ಇರುತ್ತದೆ. ತಲೆ ವಾಲಿಸಿದರೆ ಕಣ್ಣುಗಳು ಒಂದರ ಮೇಲೊಂದು ಬರುತ್ತವೆ. ಆಗ ಮೆದುಳಿಗೆ ಚಿತ್ರಗಳು ಕೂಡುವುದೇ ಇಲ್ಲ, ಬರೀ ತಲೆನೋವು.

ಕನ್ನಡಕಗಳ ವಿಷಯ ಬಂತಲ್ಲ, ಅದರಲ್ಲಿ ಎರಡು ಜಾತಿ. ಒಂದು ಬ್ಯಾಟರಿ ಇರುವ ಶಟರ್ ಕನ್ನಡಕ. ಟಿವಿ ಎಡ ಚಿತ್ರ, ಬಲ ಚಿತ್ರ ಅಂತ ಸೆಕೆಂಡಿಗೆ 120 ಸಲ ಬದಲಿಸುತ್ತದೆ. ಅದಕ್ಕೆ ತಾಳ ಹಾಕಿದಂತೆ ಕನ್ನಡಕದ ಗಾಜು ಒಂದೊಂದು ಕಣ್ಣನ್ನು ಸೆಕೆಂಡಿಗೆ 60 ಸಲ ಮುಚ್ಚಿ ತೆರೆಯುತ್ತದೆ. ಚಿತ್ರ ಪೂರ್ತಿ ಸ್ಪಷ್ಟ. ಆದರೆ ಪ್ರತಿ ಕಣ್ಣಿಗೂ ಬೆಳಕು ಅರ್ಧ ಹೊತ್ತು ಮಾತ್ರ ಸಿಗುತ್ತದೆ, ಗಾಜೂ ಸ್ವಲ್ಪ ನುಂಗುತ್ತದೆ. ಹಾಗಾಗಿ ಮಬ್ಬು. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಹಾಕಿಕೊಂಡು ನೋಡಿದವರಿಗೆ ಇನ್ನೊಂದು ಕಾಟ ನೆನಪಿರಬೇಕು. ನಮ್ಮ ಕರೆಂಟ್ 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಮಿನುಗಿಗೂ ಕನ್ನಡಕದ 60ಕ್ಕೂ ಹೊಂದಾಣಿಕೆ ಆಗದೆ ಇಡೀ ಕೋಣೆ ಪಟಪಟ ಅಂದಂತೆ ಕಾಣುತ್ತಿತ್ತು. ಲೈಟ್ ಆರಿಸಿದರೆ ಸರಿಹೋಗುತ್ತಿತ್ತು. ಆದರೆ ಸಂಜೆ ಏಳು ಗಂಟೆಗೆ ಹಾಲ್‌ನ ಲೈಟ್ ಆರಿಸಿ ಕೂರೋಕೆ ಯಾರ ಮನೆಯಲ್ಲಿ ಬಿಡುತ್ತಾರೆ?

ಇನ್ನೊಂದು ಜಾತಿ ಬ್ಯಾಟರಿ ಇಲ್ಲದ, ಹಗುರವಾದ ಪೋಲರೈಸ್ಡ್ ಕನ್ನಡಕ. ಇದನ್ನು ಹೆಚ್ಚು ಬೆಳೆಸಿದ್ದು ಎಲ್‌ಜಿ. ಪರದೆಯ ಒಂದು ಸಾಲು ಎಡಗಣ್ಣಿಗೆ, ಮುಂದಿನ ಸಾಲು ಬಲಗಣ್ಣಿಗೆ. ಮಿನುಗು ಇಲ್ಲ, ಕನ್ನಡಕ ಅಗ್ಗ. ಆದರೆ 1080 ಸಾಲಿನ ಫುಲ್ ಎಚ್‌ಡಿ ಟಿವಿಯಲ್ಲಿ ಒಂದೊಂದು ಕಣ್ಣಿಗೆ ಸಿಗುವುದು 540 ಸಾಲು. ಇದೇ ವಿಧಾನವನ್ನು 2160 ಸಾಲಿನ 4ಕೆ ಪರದೆಗೆ ಹಾಕಿದಾಗ ಈ ಕೊರತೆ ಪೂರ್ತಿ ಹೋಯಿತು, ಪ್ರತಿ ಕಣ್ಣಿಗೂ 1080 ಸಾಲು ಬಂತು. ನನ್ನ ಪ್ರಕಾರ ಮನೆಗೆ ಬಂದ 3ಡಿಗಳಲ್ಲೆಲ್ಲ ಒಳ್ಳೆಯದು ಅದೇ. ದುರದೃಷ್ಟ ನೋಡಿ, ಅದು ಸರಿಯಾಗುವ ಹೊತ್ತಿಗೆ ಕೊಳ್ಳುವವರು ಇರಲಿಲ್ಲ.

ಇದೆಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಅದರ ಬಗ್ಗೆ ಮಾತಾಡಿದವರು ಕಮ್ಮಿ. ಟಿವಿ ಪರದೆ ಚಿಕ್ಕದು, ಹಾಗಾಗಿ ಅದರಲ್ಲಿ ಆಳವೇ ಕುಗ್ಗಿಹೋಗುತ್ತದೆ.

ಲೆಕ್ಕ ಸುಲಭ, ನೋಡಿ. 3ಡಿ ಚಿತ್ರದಲ್ಲಿ ಒಂದು ವಸ್ತು ಪರದೆಯ ಹಿಂದೆ ಇರುವಂತೆ ಕಾಣಬೇಕಾದರೆ ಅದರ ಎಡ ಚಿತ್ರ ಸ್ವಲ್ಪ ಎಡಕ್ಕೂ ಬಲ ಚಿತ್ರ ಸ್ವಲ್ಪ ಬಲಕ್ಕೂ ಇರಬೇಕು. ಈ ಅಂತರ ಜಾಸ್ತಿ ಆದಷ್ಟೂ ವಸ್ತು ದೂರ ಹೋಗುತ್ತದೆ. ಅಂತರ ಸರಿಯಾಗಿ 6.3 ಸೆಂ.ಮೀ. ಆದಾಗ ಎರಡು ಕಣ್ಣಿನ ನೋಟ ಸಮಾನಾಂತರವಾಗುತ್ತದೆ, ಅದು ದಿಗಂತ. ಅದಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಮಾಡಿದರೆ ಕಣ್ಣುಗಳು ಹೊರಕ್ಕೆ ತಿರುಗಬೇಕು, ಅದು ನಮ್ಮ ಕಣ್ಣಿಗೆ ಅಭ್ಯಾಸವೇ ಇಲ್ಲ.

ಈಗ 12 ಮೀಟರ್ ಅಗಲದ ಥಿಯೇಟರ್ ಪರದೆಗೆ ಒಂದು ಚಿತ್ರ ಮಾಡಿದ್ದಾರೆ ಅಂದುಕೊಳ್ಳಿ. ದೂರದ ಬೆಟ್ಟಕ್ಕೆ 6.3 ಸೆಂ.ಮೀ. ಅಂತರ ಇಟ್ಟಿದ್ದಾರೆ. ಬೆಟ್ಟ ನಿಜಕ್ಕೂ ದಿಗಂತದಲ್ಲಿ ಕಾಣುತ್ತದೆ. ಅದೇ ಚಿತ್ರ ನಿಮ್ಮ 55 ಇಂಚಿನ ಟಿವಿಗೆ ಬಂತು. ಅದರ ಅಗಲ ಸುಮಾರು 122 ಸೆಂ.ಮೀ. ಚಿತ್ರ ಹತ್ತು ಪಟ್ಟು ಕುಗ್ಗಿತು. ಆ ಅಂತರವೂ ಕುಗ್ಗಿ 6.4 ಮಿಲಿಮೀಟರ್ ಆಯಿತು. ನೀವು ಎರಡೂವರೆ ಮೀಟರ್ ದೂರದ ಸೋಫಾದಲ್ಲಿ ಕೂತಿದ್ದರೆ ಆ ಬೆಟ್ಟ ಎಲ್ಲಿ ಕಾಣುತ್ತದೆ ಗೊತ್ತಾ? ಟಿವಿಯಿಂದ 28 ಸೆಂ.ಮೀ. ಹಿಂದೆ. ಒಂದು ಅಡಿಯೂ ಇಲ್ಲ! ಟಿವಿಯನ್ನು ಗೋಡೆಗೆ ಹಾಕಿದ್ದರೆ ಬೆಟ್ಟ ಪಕ್ಕದ ರೂಮಿನ ಬೀರುವಿನಲ್ಲಿ ಇದೆ ಅಂತಾಯಿತು. ಥಿಯೇಟರ್‌ನಲ್ಲಿ 'ಅವತಾರ್' ನೋಡಿ ಮರುಳಾಗಿ ಟಿವಿ ಕೊಂಡವರಿಗೆ ಮನೆಯಲ್ಲಿ ಯಾಕೆ ಆ ಮಜಾ ಬರಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಟಿವಿಯಲ್ಲಿ ದೋಷ ಇರಲಿಲ್ಲ.

ಟಿವಿಗೆಂದೇ ಅಂತರ ಹೆಚ್ಚಿಸಿ ಬೇರೆ ಪ್ರತಿ ಮಾಡಬಹುದು, ತಾಂತ್ರಿಕವಾಗಿ ಕಷ್ಟ ಇಲ್ಲ. ಆದರೆ ಅದಕ್ಕೆ ಬೇರೆ ಖರ್ಚು, ಅದೂ ಕೆಲವೇ ಮನೆಗಳಿಗೋಸ್ಕರ. ಇನ್ನು ವಸ್ತುಗಳನ್ನು ಪರದೆಯಿಂದ ಹೊರಕ್ಕೆ, ನಮ್ಮ ಮುಖದ ಹತ್ತಿರ ತರುವ ಆಟ ಇದೆಯಲ್ಲ, ಟಿವಿಯಲ್ಲಿ ಅದೂ ಪೂರ್ತಿ ಒದಗುವುದಿಲ್ಲ. ಈಚೆ ಬಂದ ವಸ್ತುವನ್ನು ಟಿವಿಯ ಚೌಕಟ್ಟು ಅರ್ಧಕ್ಕೆ ಕತ್ತರಿಸಿದರೆ ಕಣ್ಣಿಗೆ ಗೊಂದಲ. ಮುಂದಿರುವುದು ಹಿಂದಿನ ಚೌಕಟ್ಟಿನ ಮರೆಗೆ ಹೇಗೆ ಹೋಗುತ್ತದೆ? ಥಿಯೇಟರ್‌ನಲ್ಲಿ ಪರದೆಯ ಅಂಚು ಕಣ್ಣಿನ ಮೂಲೆಗೆ ಹೋಗಿರುತ್ತದೆ, ಗಮನಕ್ಕೆ ಬರುವುದಿಲ್ಲ. ಹಾಲ್‌ನಲ್ಲಿ ಟಿವಿಯ ಅಂಚು, ಪಕ್ಕದ ಕ್ಯಾಲೆಂಡರ್, ಸ್ವಿಚ್ ಬೋರ್ಡ್ ಎಲ್ಲವೂ ಕಣ್ಣೆದುರೇ.

ಕ್ರಿಕೆಟ್ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ 3ಡಿ ಟಿವಿ ಮಾರುವಾಗ ಕ್ರಿಕೆಟ್‌ನ ಆಸೆ ತೋರಿಸಿದವರು ಬಹಳ. ಆದರೆ ಕ್ರಿಕೆಟ್‌ನ ಮುಖ್ಯ ಕ್ಯಾಮೆರಾ ಇರುವುದು ಬೌಲರ್ ಹಿಂದೆ, ಬೌಂಡರಿಯ ಆಚೆ, ಎತ್ತರದಲ್ಲಿ. ಅಲ್ಲಿಂದ ಜೂಮ್ ಮಾಡಿ ಬ್ಯಾಟ್ಸ್‌ಮನ್‌ನನ್ನು ತೋರಿಸುತ್ತಾರೆ. ಅಷ್ಟು ದೂರಕ್ಕೆ 6 ಸೆಂ.ಮೀ. ಅಂತರದ ಎರಡು ಕ್ಯಾಮೆರಾಗಳಿಗೆ ಕಾಣುವುದು ಹೆಚ್ಚೂಕಮ್ಮಿ ಒಂದೇ ಚಿತ್ರ. ಜೂಮ್ ಮಾಡಿದರೆ ಆಟಗಾರರು ದುಂಡಾಗಿ ಕಾಣುವುದಿಲ್ಲ, ಒಬ್ಬರ ಹಿಂದೆ ಒಬ್ಬರು ನಿಲ್ಲಿಸಿದ ಕಟೌಟ್‌ಗಳಾಗುತ್ತಾರೆ. ಸರಿ, ಎರಡು ಕ್ಯಾಮೆರಾಗಳನ್ನು ದೂರ ದೂರ ಇಟ್ಟರೆ? ಆಳ ಬರುತ್ತದೆ, ಆದರೆ ಇಡೀ ಮೈದಾನ ಆಟಿಕೆಯ ಮೈದಾನ, ಆಟಗಾರರು ಗೊಂಬೆಗಳು. ಬೌಂಡರಿ ಗೆರೆಯ ಪಕ್ಕ, ತಗ್ಗಿನಲ್ಲಿಟ್ಟ ಕ್ಯಾಮೆರಾದಲ್ಲಿ 3ಡಿ ಸೊಗಸಾಗಿ ಬರುತ್ತದೆ. ಅಲ್ಲಿಂದ ಆಟ ಅರ್ಥ ಆಗುವುದಿಲ್ಲ, ಅಷ್ಟೇ! ಹಾಗಾಗಿ 3ಡಿ ಪ್ರಸಾರಕ್ಕೆ ಬೇರೆ ಕ್ಯಾಮೆರಾ, ಬೇರೆ ಜಾಗ, ಬೇರೆ ವ್ಯಾನ್, ಎರಡು ಚಿತ್ರಗಳನ್ನು ಹೊಂದಿಸುತ್ತಾ ಕೂರುವ ಬೇರೆ ತಂತ್ರಜ್ಞರು ಬೇಕಾಯಿತು. ಅಷ್ಟು ಸುರಿದು ನೋಡುವವರು ಕೈಬೆರಳೆಣಿಕೆ ಆದರೆ ಯಾವ ಚಾನೆಲ್ ತಾನೇ ಉಳಿಯುತ್ತದೆ?

ಕಣ್ಣಿನ ವಿಷಯ ಬೇಗ ಮುಗಿಸುತ್ತೇನೆ. 3ಡಿ ನೋಡುವಾಗ ಕಣ್ಣು ಫೋಕಸ್ ಮಾಡುವುದು ಪರದೆಯ ಮೇಲೆ, ಆದರೆ ಎರಡು ಕಣ್ಣಿನ ನೋಟ ಸೇರುವುದು ಪರದೆಯ ಮುಂದೆ ಅಥವಾ ಹಿಂದೆ. ನಿಜ ಜೀವನದಲ್ಲಿ ಇವೆರಡೂ ಒಂದೇ ಕಡೆ ಇರುತ್ತವೆ. ಈ ಜಗ್ಗಾಟವೇ ಆಯಾಸಕ್ಕೆ ಕಾರಣ ಅಂತ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾರ್ಟಿನ್ ಬ್ಯಾಂಕ್ಸ್ ಮತ್ತವರ ಜೊತೆಗಾರರು 2008ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಥಿಯೇಟರ್ ಪರದೆ ದೂರ ಇರುವುದರಿಂದ ಅಲ್ಲಿ ಈ ಕಾಟ ಕಮ್ಮಿ, ಪರದೆ ಹತ್ತಿರ ಬಂದಷ್ಟೂ ಜಾಸ್ತಿ. ಇನ್ನು ಕೆಲವರಿಗೆ 3ಡಿ ಕಾಣುವುದೇ ಇಲ್ಲ. ಮೆಳ್ಳೆಗಣ್ಣು ಇರುವವರು, ಚಿಕ್ಕಂದಿನಿಂದ ಒಂದು ಕಣ್ಣು ಮಂದ ಇರುವವರು ಇದರಲ್ಲಿ ಹೆಚ್ಚು. 1953ರ ಪ್ರಸಿದ್ಧ 3ಡಿ ಚಿತ್ರ 'ಹೌಸ್ ಆಫ್ ವ್ಯಾಕ್ಸ್' ನಿರ್ದೇಶಿಸಿದ ಆಂಡ್ರೆ ಡಿ ಟೋತ್ ಅವರಿಗೆ ಒಂದೇ ಕಣ್ಣು ಕಾಣುತ್ತಿತ್ತು! ನಿಮ್ಮ ಮಕ್ಕಳಲ್ಲಿ ಯಾರಾದರೂ "ನಂಗೇನೂ ಕಾಣ್ತಿಲ್ಲ" ಅಂದಿದ್ದರೆ ಅದನ್ನು ಹಟ ಅಂದುಕೊಳ್ಳದೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ.

ಈಗ ನೀವು ಕೇಳಿದ ಕನ್ನಡಕ ಬೇಡದ ಟಿವಿ. ಇದು ಕನಸಲ್ಲ, ಬಂದು ಹೋಗಿದೆ. ಜಾತ್ರೆಯಲ್ಲಿ ಮಾರುವ, ಗೀರುಗೀರಾದ ಪ್ಲಾಸ್ಟಿಕ್ ಹೊದಿಕೆಯ ದೇವರ ಪಟ ನೋಡಿದ್ದೀರಲ್ಲ? ಈ ಕಡೆಯಿಂದ ನೋಡಿದರೆ ಶಿವ, ಆ ಕಡೆಯಿಂದ ಪಾರ್ವತಿ. ಆ ಗೀರುಗಳು ನಿಜಕ್ಕೂ ಸಣ್ಣ ಸಣ್ಣ ಲೆನ್ಸ್‌ಗಳು. ಒಂದೊಂದು ದಿಕ್ಕಿಗೆ ಒಂದೊಂದು ಚಿತ್ರ ಕಳಿಸುತ್ತವೆ. ಶಿವ, ಪಾರ್ವತಿಯ ಬದಲು ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಇಟ್ಟರೆ ಅದೇ 3ಡಿ. ಸಣ್ಣ ಲೆನ್ಸ್‌ಗಳಿಂದ ಹೀಗೆ ಮಾಡಬಹುದು ಅಂತ ಫ್ರಾನ್ಸ್‌ನ ಭೌತವಿಜ್ಞಾನಿ ಗ್ಯಾಬ್ರಿಯೆಲ್ ಲಿಪ್‌ಮನ್ 1908ರಲ್ಲೇ ಹೇಳಿದ್ದರು.

ತೋಶಿಬಾ 2011ರಲ್ಲಿ ಇಂಥ 55 ಇಂಚಿನ ಟಿವಿ ತಂದಿತು. ಪರದೆ 4ಕೆ, ಅಂದರೆ ಸುಮಾರು 83 ಲಕ್ಷ ಪಿಕ್ಸೆಲ್. ಹಾಲ್‌ನಲ್ಲಿ ಬೇರೆ ಬೇರೆ ಕಡೆ ಕೂತವರಿಗೆಲ್ಲ ಕಾಣಬೇಕಲ್ಲ, ಅದಕ್ಕೆ ಒಂಬತ್ತು ದಿಕ್ಕಿಗೆ ಒಂಬತ್ತು ಚಿತ್ರ ಕಳಿಸುತ್ತಿತ್ತು. 83 ಲಕ್ಷವನ್ನು ಒಂಬತ್ತರಿಂದ ಭಾಗಿಸಿ. ಒಂದೊಂದು ಕಣ್ಣಿಗೆ ಉಳಿಯುವುದು 1280ಕ್ಕೆ 720, ಹಳೇ ಕಾಲದ ಅರೆಬರೆ ಎಚ್‌ಡಿ. 4ಕೆಗೆ ಕಾಸು ಕೊಟ್ಟು 720 ನೋಡಬೇಕು. ಒಂದು ದಿಕ್ಕಿನ ವಲಯ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ತಲೆ ಇದ್ದರೆ ಎಡಗಣ್ಣಿನ ಚಿತ್ರ ಬಲಗಣ್ಣಿಗೆ ಹೋಗಿ ಆಳ ಉಲ್ಟಾ ಆಗುತ್ತದೆ. ಮುಂದಿರುವವರ ಮೂಗು ಒಳಕ್ಕೆ! ಜನ ಸೋಫಾದಲ್ಲಿ ಗೊತ್ತುಮಾಡಿದ ಜಾಗದಲ್ಲೇ ಕದಲದೆ ಕೂರಬೇಕಾಯಿತು. 4ಕೆಯ ನಾಲ್ಕು ಪಟ್ಟು ಪಿಕ್ಸೆಲ್ ಇರುವ 8ಕೆ ಪರದೆಯಾದರೆ ಇದೇ ಲೆಕ್ಕದಲ್ಲಿ 2560ಕ್ಕೆ 1440 ಸಿಗುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ 8ಕೆ ಟಿವಿಗೇ ಕೊಳ್ಳುವವರು ಇಲ್ಲ, ಅದರ ಮೇಲೆ 3ಡಿ ಯಾರು ಹಾಕುತ್ತಾರೆ?

ನೋಡುವವರು ಒಬ್ಬರೇ ಅಂತಾದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಒಂಬತ್ತು ಚಿತ್ರ ಬೇಡ, ಎರಡೇ ಸಾಕು. ಪರದೆಯ ಮೇಲೊಂದು ಕ್ಯಾಮೆರಾ ಇಟ್ಟು ನಿಮ್ಮ ಕಣ್ಣು ಎಲ್ಲಿದೆ ಅಂತ ನೋಡುತ್ತಾ ಆ ಎರಡು ಚಿತ್ರಗಳನ್ನು ನೇರ ಅಲ್ಲಿಗೇ ಕಳಿಸಬಹುದು. ನಿಂಟೆಂಡೋ 3ಡಿಎಸ್ ಅನ್ನುವ ಕೈಯಲ್ಲಿ ಹಿಡಿದು ಆಡುವ ಆಟಿಕೆ 2011ರಲ್ಲಿ ಬಂದು ಏಳೂವರೆ ಕೋಟಿಗಿಂತ ಜಾಸ್ತಿ ಮಾರಾಟವಾಯಿತು. 2014ರಲ್ಲಿ ಅದಕ್ಕೆ ಕಣ್ಣು ಹಿಂಬಾಲಿಸುವ ಸೌಲಭ್ಯವೂ ಸೇರಿತು. ಸೋನಿ ಕಂಪನಿ 2020ರಿಂದ ವಿನ್ಯಾಸಕಾರರಿಗಾಗಿ ಇಂಥ ಪರದೆ ಮಾರುತ್ತಿದೆ. ಸ್ಯಾಮ್‌ಸಂಗ್ 2025ರಲ್ಲಿ ಗೇಮ್ ಆಡುವವರಿಗಾಗಿ 27 ಇಂಚಿನ 4ಕೆ ಮಾನಿಟರ್ ತಂದಿದೆ, ಬೆಲೆ ಸುಮಾರು 2,000 ಡಾಲರ್. ಗೂಗಲ್‌ನ 'ಬೀಮ್' ಇನ್ನೂ ಒಂದು ಹೆಜ್ಜೆ ಮುಂದೆ. ವಿಡಿಯೋ ಕಾಲ್‌ನಲ್ಲಿ ಎದುರಿನವರು ಮೇಜಿನ ಆಚೆ ಕೂತಂತೆ ಕಾಣುತ್ತಾರೆ. ಎಚ್‌ಪಿ ಕಂಪನಿ ಮಾಡಿದ ಅದರ 65 ಇಂಚಿನ ಯಂತ್ರಕ್ಕೆ 24,999 ಡಾಲರ್. ಇವೆಲ್ಲ ನಿಜವಾಗಿಯೂ ಕೆಲಸ ಮಾಡುತ್ತವೆ. ಪತ್ರಿಕೆಗಳಲ್ಲಿ ನೀವು ಓದುವ "ಕನ್ನಡಕ ಇಲ್ಲದ 3ಡಿ" ಸುದ್ದಿಗಳು ಹೆಚ್ಚಾಗಿ ಇಂಥವೇ. ಎದುರಿಗೆ ಎಷ್ಟು ಜನ ಕೂರಬಹುದು ಅನ್ನುವುದನ್ನು ಮಾತ್ರ ಆ ಸುದ್ದಿಗಳಲ್ಲಿ ಬರೆದಿರುವುದಿಲ್ಲ.

ಆಸ್ಪತ್ರೆಗಳ ಆಪರೇಷನ್ ಥಿಯೇಟರ್ ಇದಕ್ಕೆ ಒಳ್ಳೆಯ ಸಾಕ್ಷಿ. ಡಾ ವಿಂಚಿ ರೋಬಾಟ್‌ನಿಂದ ಶಸ್ತ್ರಚಿಕಿತ್ಸೆ ಮಾಡುವ ಸರ್ಜನ್ ಎರಡು ಕಣ್ಣಿಗೆ ಎರಡು ಚಿತ್ರ ಕೊಡುವ ಯಂತ್ರದೊಳಗೆ ಮುಖವಿಟ್ಟು ನೋಡುತ್ತಾರೆ. ಸೂಜಿಯ ತುದಿ ನರಕ್ಕಿಂತ ಮುಂದಿದೆಯೋ ಹಿಂದಿದೆಯೋ ಅವರಿಗೆ ಗೊತ್ತಾಗಲೇಬೇಕು. ಒಬ್ಬರೇ ನೋಡುವವರು, ಪೂರ್ತಿ ಗಮನ, ಆಳ ತಿಳಿಯುವ ಅಗತ್ಯ. ಈ ಮೂರೂ ಕೂಡಿದ ಕಡೆ 3ಡಿ ಸದ್ದಿಲ್ಲದೆ ದಶಕಗಳಿಂದ ಕೆಲಸ ಮಾಡುತ್ತಿದೆ. ಧಾರಾವಾಹಿಯ ಅತ್ತೆ ಸೊಸೆಗಿಂತ ಎಷ್ಟು ಇಂಚು ಮುಂದಿದ್ದಾರೆ ಅಂತ ತಿಳಿದು ನಮಗೆ ಆಗಬೇಕಾದ್ದೇನು?

ಸಿನಿಮಾ ನೋಡೋಕೆ ಈಗ ಇರುವ ಒಳ್ಳೆಯ 3ಡಿ ಅಂದರೆ ತಲೆಗೆ ಹಾಕುವ ಹೆಡ್‌ಸೆಟ್. ಆಪಲ್ ವಿಷನ್ ಪ್ರೋ 2024ರ ಫೆಬ್ರವರಿಯಲ್ಲಿ ಬಂತು. ಮೆಟಾ ಕ್ವೆಸ್ಟ್ ಅದಕ್ಕಿಂತ ಬಹಳ ಅಗ್ಗ. ಪ್ರತಿ ಕಣ್ಣಿಗೂ ಬೇರೆ ಪರದೆ ಇರುವುದರಿಂದ ಮಬ್ಬಿಲ್ಲ, ಒಂದು ಚಿತ್ರದ ನೆರಳು ಇನ್ನೊಂದರಲ್ಲಿ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಎದುರು ಥಿಯೇಟರ್‌ನಷ್ಟೇ ದೊಡ್ಡ ಪರದೆ ಇರುವಂತೆ ಅದು ತೋರಿಸುತ್ತದೆ. ಹಾಗಾಗಿ ಬೀರುವಿನಲ್ಲಿದ್ದ ಬೆಟ್ಟ ಮತ್ತೆ ದಿಗಂತಕ್ಕೆ ಹೋಗುತ್ತದೆ. 'ಅವತಾರ್' ನಿರ್ದೇಶಕ ಜೇಮ್ಸ್ ಕ್ಯಾಮೆರಾನ್ ಅವರ ಕಂಪನಿ 2024ರ ಡಿಸೆಂಬರ್‌ನಲ್ಲಿ ಮೆಟಾ ಜೊತೆ ಕೈಜೋಡಿಸಿತು. 3ಡಿಯ ಮೇಲೆ ಇಷ್ಟು ವರ್ಷ ಹಟ ಹಿಡಿದು ಕೂತವರೇ ಟಿವಿ ಬಿಟ್ಟು ಹೆಡ್‌ಸೆಟ್ ಕಡೆ ಮುಖ ಮಾಡಿದ್ದಾರೆ ಅಂದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯಬಹುದು. ಆದರೆ ವಿಷನ್ ಪ್ರೋ ಮೊದಲು ಬಂದಾಗಿನ ಬೆಲೆ 3,499 ಡಾಲರ್, ತೂಕ 600 ಗ್ರಾಂಗೂ ಮೇಲೆ. ಹಾಕಿಕೊಂಡವರು ಒಂದು ಲೋಕದಲ್ಲಿ, ಪಕ್ಕದಲ್ಲಿ ಕೂತವರು ಇನ್ನೊಂದು ಲೋಕದಲ್ಲಿ. ಸಂಸಾರದಲ್ಲಿ ಇದರಿಂದ ಜಗಳ ಬರದಿದ್ದರೆ ಪುಣ್ಯ.

ಮೊದಲು ಇದ್ದ "ನೋಡೋಕೆ ಏನಿದೆ" ಅನ್ನುವ ಕೊರತೆ ಈಗ ಕಮ್ಮಿ ಆಗುತ್ತಿದೆ. 'ಟೈಟಾನಿಕ್' ಚಿತ್ರವನ್ನು 2012ರಲ್ಲಿ 3ಡಿಗೆ ಬದಲಿಸೋಕೆ 60 ವಾರ, 1.8 ಕೋಟಿ ಡಾಲರ್ ಹಿಡಿದಿತ್ತು. ಕಲಾವಿದರು ಒಂದೊಂದು ದೃಶ್ಯದಲ್ಲೂ ಯಾವುದು ಎಷ್ಟು ದೂರ ಅಂತ ಕೈಯಾರೆ ಗುರುತು ಹಾಕಿದ್ದರು. ಈಗ ಎಐ ತಂತ್ರಾಂಶ ಸಾದಾ ಚಿತ್ರ ನೋಡಿಯೇ ದೂರ ಊಹಿಸುತ್ತದೆ. ಕೂದಲು, ಗಾಜು, ನೀರು, ಹೊಗೆ ಬಂದಾಗ ಎಡವುತ್ತದೆ, ಉಳಿದಂತೆ ಪರವಾಗಿಲ್ಲ. ಕೆಲವು ಐಫೋನ್‌ಗಳಲ್ಲಿ ಮನೆಯ ವಿಡಿಯೋವನ್ನೂ 3ಡಿಯಲ್ಲಿ ಹಿಡಿಯಬಹುದು. ಹಾಗಾಗಿ ನೋಡೋಕೆ ಸರಕು ಬರುತ್ತದೆ. ಹಾಲ್‌ನ ಸೋಫಾದಲ್ಲಿ ಐದು ಜನ ಕೂರುತ್ತಾರೆ ಅನ್ನುವ ಸಂಗತಿ ಮಾತ್ರ ಬದಲಾಗುವುದಿಲ್ಲ.

ಹೊಲೋಗ್ರಾಮ್ ಟಿವಿ ಬರುತ್ತದಂತೆ ಅಂತಲೂ ಕೆಲವರು ಕೇಳುತ್ತಾರೆ. ನಿಜವಾದ ಹೊಲೋಗ್ರಾಮ್‌ಗೆ ಪಿಕ್ಸೆಲ್‌ಗಳು ಬೆಳಕಿನ ಅಲೆಯಷ್ಟೇ ಸಣ್ಣದಿರಬೇಕು, ಸುಮಾರು ಅರ್ಧ ಮೈಕ್ರಾನ್. 55 ಇಂಚಿನ ಪರದೆಗೆ ಲೆಕ್ಕ ಹಾಕಿದರೆ ಈಗಿನ 4ಕೆ ಟಿವಿಯ 4 ಲಕ್ಷ ಪಟ್ಟು ಪಿಕ್ಸೆಲ್ ಬೇಕು. ಸದ್ಯಕ್ಕೆ ಮರೆತುಬಿಡಿ.

ಕೊನೆಗೆ ನಿಮ್ಮ ಹಳೇ ಟಿವಿ. ಪರದೆ ಚೆನ್ನಾಗಿದ್ದರೆ ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಅದಕ್ಕೆ ಅವರು ಕೊಡುವುದು ಪುಡಿಗಾಸು. ಒಳಗಿನ ರೂಮಿಗೆ ಹಾಕಿ. ಕನ್ನಡಕದಲ್ಲಿ ಸ್ವಿಚ್ ಇದ್ದರೆ ಅದು ಶಟರ್ ಜಾತಿ, ಬಟನ್ ಸೆಲ್ ಬದಲಿಸಿ ಅಥವಾ ಚಾರ್ಜ್ ಮಾಡಿ ನೋಡಿ. ಸ್ವಿಚ್ ಇಲ್ಲದಿದ್ದರೆ ಪೋಲರೈಸ್ಡ್. ಅದು ಮುರಿದಿದ್ದರೂ ಚಿಂತೆ ಇಲ್ಲ, ರಿಯಲ್‌ಡಿ ಅನ್ನುವ 3ಡಿ ವ್ಯವಸ್ಥೆ ಇರುವ ಥಿಯೇಟರ್‌ಗಳ ಕನ್ನಡಕ ಸಾಮಾನ್ಯವಾಗಿ ಇದಕ್ಕೂ ಆಗುತ್ತದೆ. ಯೂಟ್ಯೂಬ್‌ನಲ್ಲಿ ಎರಡು ಚಿತ್ರ ಅಕ್ಕಪಕ್ಕ ಇರುವ ವಿಡಿಯೋಗಳು ಸಿಗುತ್ತವೆ. ಅದನ್ನು ಹಾಕಿ ರಿಮೋಟ್‌ನ 3ಡಿ ಬಟನ್ ಒತ್ತಿ 'ಸೈಡ್ ಬೈ ಸೈಡ್' ಆರಿಸಿ. ಆಳ ಉಲ್ಟಾ ಕಂಡರೆ ಅದೇ ಮೆನುವಿನಲ್ಲಿ ಎಡಬಲ ಅದಲುಬದಲು ಮಾಡುವ ಆಯ್ಕೆ ಇರುತ್ತದೆ. ಸೋಫಾವನ್ನು ಸ್ವಲ್ಪ ಹಿಂದಕ್ಕೆ ಎಳೆದರೆ ಆಳ ಇನ್ನಷ್ಟು ಕಾಣುತ್ತದೆ. '2ಡಿಯಿಂದ 3ಡಿ' ಅನ್ನುವ ಬಟನ್ ಮಾತ್ರ ಸುಮ್ನೆ, ಅದನ್ನು ಮುಟ್ಟಬೇಡಿ. ಆರು ವರ್ಷದ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ 3ಡಿ ತೋರಿಸಬೇಡಿ, ನಿಂಟೆಂಡೋ ಕೂಡ ತನ್ನ ಆಟಿಕೆಯ ಜೊತೆ ಇದನ್ನೇ ಹೇಳಿತ್ತು.

ಹೊಸ ಟಿವಿಯನ್ನು ಹಾಲ್‌ಗೆ ಅಂತಲೇ ನೋಡಿ ಕೊಳ್ಳಿ. 3ಡಿಗೆ ಸುರಿಯುತ್ತಿದ್ದ ಹಣವನ್ನು ಕಂಪನಿಗಳು ಆಮೇಲೆ 4ಕೆ, ಎಚ್‌ಡಿಆರ್, ಓಎಲ್‌ಇಡಿಗೆ ಸುರಿದವು. ಒಳ್ಳೆಯ ಎಚ್‌ಡಿಆರ್ ಚಿತ್ರದಲ್ಲಿ ಕತ್ತಲು ನಿಜಕ್ಕೂ ಕತ್ತಲಾಗಿ, ಬೆಳಕು ಬೆಳಕಾಗಿ ಕಾಣುತ್ತದೆ. ಅಡ್ಡ ಮಲಗಿದವರಿಗೂ ಕಾಣುತ್ತದೆ.

ಅಷ್ಟಾದ ಮೇಲೂ ಮನೆಯಲ್ಲೇ 3ಡಿ ಬೇಕು ಅನ್ನುವ ಆಸೆ ಇದ್ದರೆ ಟಿವಿ ಬಿಟ್ಟು ಪ್ರೊಜೆಕ್ಟರ್ ನೋಡಿ. ಕೆಲವು ಮಾಡೆಲ್‌ಗಳಲ್ಲಿ 3ಡಿ ಈಗಲೂ ಇದೆ. 120 ಇಂಚಿನ ಪರದೆ ಹಾಕಿ ಮೂರೂವರೆ ಮೀಟರ್ ದೂರ ಕೂತರೆ, 28 ಸೆಂ.ಮೀ. ಹಿಂದಿದ್ದ ಬೆಟ್ಟ ಒಂದು ಮೀಟರ್ ಹಿಂದೆ ಹೋಗುತ್ತದೆ. ಮೊದಲೇ ಕತ್ತಲೆ ಕೋಣೆ, ಹಾಗಾಗಿ ಟ್ಯೂಬ್‌ಲೈಟ್ ಕಾಟವೂ ಇಲ್ಲ. ಕೊಳ್ಳುವ ಮುಂಚೆ ಆ ಮಾಡೆಲ್‌ನ ವಿವರದಲ್ಲಿ 3ಡಿ ಅಂತ ಬರೆದಿದೆಯಾ ನೋಡಿ, ಶಟರ್ ಕನ್ನಡಕಕ್ಕೆ ಬೇರೆ ದುಡ್ಡು ಎತ್ತಿಡಿ. ಡಿಸ್ಕ್ ಹಾಕುವುದಾದರೆ ಬ್ಲೂ-ರೇ ಪ್ಲೇಯರ್ ಮೇಲೂ 3ಡಿ ಗುರುತು ಇರಬೇಕು. ಇಲ್ಲದಿದ್ದರೆ ಸಾದಾ ಚಿತ್ರವಷ್ಟೇ ಬರುತ್ತದೆ.